ನೀಹಾರಿಕೆಯ ಚಿತ್ರ ಕೆಟ್ಟರೆ ದೋಷ ಹುಡುಕುವುದು ಎಲ್ಲಿಂದ?

ಸ್ಟ್ಯಾಕ್ ಮಾಡಿ (ಅನೇಕ ಫ್ರೇಮ್‌ಗಳನ್ನು ಒಂದಾಗಿ ಸೇರಿಸಿ), ಸ್ಟ್ರೆಚ್ ಮಾಡಿ (ಮಸುಕು ಭಾಗಗಳನ್ನು ಬೆಳಗಿಸಿ) ಮುಗಿಸಿದ ಚಿತ್ರವನ್ನು ಮುಂದಿಟ್ಟುಕೊಂಡು ದೋಷ ಹುಡುಕಲು ಕೂತರೆ ತಲೆನೋವು ಬರುತ್ತದೆಯೇ ಹೊರತು ದೋಷ ಸಿಗುವುದಿಲ್ಲ. ನೂರು ಫ್ರೇಮ್‌ಗಳ ತಪ್ಪುಗಳನ್ನೆಲ್ಲ ಸ್ಟ್ಯಾಕಿಂಗ್ ತಂತ್ರಾಂಶ ಒಟ್ಟಿಗೆ ಕಲಸಿಟ್ಟಿರುತ್ತದೆ. ಗಾಳಿಗೆ ಅಲುಗಿದ ನಾಲ್ಕು ಫ್ರೇಮ್, ಇಬ್ಬನಿ ಕೂತ ಇಪ್ಪತ್ತು, ಫೋಕಸ್ ಜಾರಿದ ಮೂವತ್ತು ಎಲ್ಲವೂ ಸೇರಿ ‘ನಕ್ಷತ್ರ ಯಾಕೋ ದಪ್ಪಗಿದೆ’ ಎಂಬ ಒಂದೇ ದೂರಾಗಿ ಉಳಿಯುತ್ತವೆ. ಆದ್ದರಿಂದ ಮೊದಲು ಕಚ್ಚಾ ಫ್ರೇಮ್‌ಗಳಿಗೆ ಮರಳಿ.

ಮೂರು ಫ್ರೇಮ್ ತೆರೆಯಿರಿ: ಆ ರಾತ್ರಿಯ ಮೊದಲನೆಯದು, ನಡುವಿನದು, ಕೊನೆಯದು. ಸಿರಿಲ್‌ನಂಥ ಉಚಿತ ತಂತ್ರಾಂಶದಲ್ಲಿ ಆಟೊ ಸ್ಟ್ರೆಚ್ ಹಾಕಿ, ಪೂರ್ಣ ಗಾತ್ರದಲ್ಲಿ ನಡುಭಾಗವನ್ನೂ ನಾಲ್ಕು ಮೂಲೆಗಳನ್ನೂ ನೋಡಿ. ದೋಷ ಮೂರರಲ್ಲೂ ಒಂದೇ ತೆರನಾಗಿದ್ದರೆ ಕಾರಣ ದೃಗ್‌ವ್ಯವಸ್ಥೆಯಲ್ಲಿ ಅಥವಾ ಜೋಡಣೆಯಲ್ಲಿದೆ. ಹೊತ್ತು ಹೋದಂತೆ ಬೆಳೆದಿದ್ದರೆ ತಾಪಮಾನ, ಇಬ್ಬನಿ ಅಥವಾ ಯಾವುದೋ ಭಾಗದ ಬಾಗುವಿಕೆ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಮೌಂಟ್ (ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಯಂತ್ರ), ಗಾಳಿ ಅಥವಾ ಮೋಡ. ಮೂರರಲ್ಲೂ ಕಾಣದೆ ಸ್ಟ್ಯಾಕ್‌ನಲ್ಲಿ ಮಾತ್ರ ಕಂಡರೆ ತಪ್ಪು ಕ್ಯಾಲಿಬ್ರೇಶನ್‌ನದು (ಕ್ಯಾಮೆರಾದ ದೋಷ ಕಳೆಯುವ ಹಂತದ್ದು) ಅಥವಾ ಫ್ರೇಮ್‌ಗಳನ್ನು ಜೋಡಿಸಿದ್ದರದು. ಅರ್ಧ ಜಗಳ ಇಲ್ಲಿಗೇ ಮುಗಿಯುತ್ತದೆ.

ಮುಂದಿನ ಲೆಕ್ಕಗಳಿಗೆಲ್ಲ ಬೇಕಾಗುವ ಒಂದು ಸಂಖ್ಯೆಯನ್ನು ಈಗಲೇ ಬರೆದಿಟ್ಟುಕೊಳ್ಳಿ. ಅದು ಒಂದು ಪಿಕ್ಸೆಲ್ ಆಕಾಶದ ಎಷ್ಟು ಭಾಗವನ್ನು ನೋಡುತ್ತದೆ ಎಂಬುದು. 206.265ನ್ನು ಪಿಕ್ಸೆಲ್‌ನ ಮೈಕ್ರಾನ್ ಅಳತೆಯಿಂದ ಗುಣಿಸಿ, ಮಿಲಿಮೀಟರ್‌ನಲ್ಲಿರುವ ಫೋಕಲ್ ಲೆಂತ್‌ನಿಂದ ಭಾಗಿಸಿ. 3.76 ಮೈಕ್ರಾನ್ ಪಿಕ್ಸೆಲ್, 400 ಮಿ.ಮೀ. ಟೆಲಿಸ್ಕೋಪ್ ಇದ್ದರೆ ಪಿಕ್ಸೆಲ್‌ಗೆ 1.94 ಆರ್ಕ್‌ಸೆಕೆಂಡ್ (ಡಿಗ್ರಿಯ 3600ರಲ್ಲಿ ಒಂದು ಪಾಲು ಒಂದು ಆರ್ಕ್‌ಸೆಕೆಂಡ್). ಕೆಳಗಿನ ಉದಾಹರಣೆಗಳು ಹೆಚ್ಚಾಗಿ ಇದೇ ಜೋಡಿಯವು.

ನೀಹಾರಿಕೆಯೇ ಕಾಣುತ್ತಿಲ್ಲ

ಮೊದಲ ಅನುಮಾನ ಗುರಿಯ ಮೇಲಿರಲಿ. ಒಂದು ಫ್ರೇಮನ್ನು ಪ್ಲೇಟ್ ಸಾಲ್ವ್ ಮಾಡಿ (ನಕ್ಷತ್ರಗಳ ವಿನ್ಯಾಸದಿಂದ ತಂತ್ರಾಂಶವೇ ಜಾಗ ಗುರುತಿಸುವುದು), ಕ್ಯಾಮೆರಾ ನಿಜವಾಗಿ ಎಲ್ಲಿ ನೋಡುತ್ತಿದೆ ಎಂದು ಖಚಿತಪಡಿಸಿಕೊಳ್ಳಿ. ಗುರಿ ಸರಿಯಿದ್ದೂ ಕಾಣದಿರಬಹುದು. ಉತ್ತರ ಅಮೆರಿಕ ನೀಹಾರಿಕೆ, ಅಂದರೆ ಎನ್‌ಜಿಸಿ 7000, ಸುಮಾರು 2 ಡಿಗ್ರಿ ಅಗಲ. 23.5 ಮಿ.ಮೀ. ಅಗಲದ ಸೆನ್ಸರ್ 1000 ಮಿ.ಮೀ. ಫೋಕಲ್ ಲೆಂತ್‌ನಲ್ಲಿ ನೋಡುವುದು 1.35 ಡಿಗ್ರಿ ಮಾತ್ರ. ನೀಹಾರಿಕೆಯ ಹೊಟ್ಟೆಯೊಳಗೇ ನಿಂತಿರುವಾಗ ಅಂಚು ಎಲ್ಲಿಂದ ಕಾಣಬೇಕು? ಮಸುಕು ಕೆಂಪು ಹಿನ್ನೆಲೆಯನ್ನು ಬೆಳಕಿನ ಮಾಲಿನ್ಯ ಎಂದುಕೊಂಡು ತಂತ್ರಾಂಶದಲ್ಲಿ ಅಳಿಸಿಬಿಡುವವರೂ ಇದ್ದಾರೆ.

ಎರಡನೆಯದು ಕ್ಯಾಮೆರಾ. ಕೆಂಪು ನೀಹಾರಿಕೆಗಳ ಬೆಳಕಿನ ಬಹುಪಾಲು 656.3 ನ್ಯಾನೊಮೀಟರ್‌ನ ಹೈಡ್ರೋಜನ್-ಆಲ್ಫಾ ರೇಖೆಯಲ್ಲಿರುತ್ತದೆ. ಸಾಮಾನ್ಯ ಡಿಎಸ್‌ಎಲ್‌ಆರ್ ಮತ್ತು ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಸೆನ್ಸರಿನ ಮುಂದಿರುವ ಫಿಲ್ಟರ್ ಮುಖದ ಬಣ್ಣ ಸಹಜವಾಗಿ ಬರಲೆಂದು ಕೆಂಪನ್ನು ತಗ್ಗಿಸುತ್ತದೆ. ಈ ರೇಖೆಯ ಸಣ್ಣ ಪಾಲು ಮಾತ್ರ ಸೆನ್ಸರ್ ತಲುಪುತ್ತದೆ. ಪರೀಕ್ಷೆ ಸುಲಭ. ಅದೇ ಸಲಕರಣೆಯಲ್ಲಿ ಮಹಾವ್ಯಾಧದ ಎಂ 42 ನೀಹಾರಿಕೆಯನ್ನು 30 ಸೆಕೆಂಡ್ ತೆಗೆಯಿರಿ. ಅದು ಪ್ರಕಾಶಮಾನ, ಆಮ್ಲಜನಕದ ಮತ್ತು ಹೈಡ್ರೋಜನ್-ಬೀಟಾದ ಬೆಳಕೂ ಅದರಲ್ಲಿ ಧಾರಾಳ, ಹಾಗಾಗಿ ಯಾವ ಕ್ಯಾಮೆರಾಕ್ಕೂ ಸಿಗುತ್ತದೆ. ಎಂ 42 ಚೆನ್ನಾಗಿ ಬಂದು ರೋಸೆಟ್ ನೀಹಾರಿಕೆ ಗಂಟೆಗಟ್ಟಲೆ ತೆಗೆದರೂ ನೆರಳಿನಂತಿದ್ದರೆ ತಡೆ ಆ ಫಿಲ್ಟರ್‌ನದೇ. ಅದನ್ನು ತೆಗೆಸಿದ ಕ್ಯಾಮೆರಾ, ಅಥವಾ ಕ್ಯಾನನ್ 60ಡಿಎ, ನಿಕಾನ್ ಡಿ810ಎ ತರಹ ಖಗೋಳಕ್ಕೆಂದೇ ತಯಾರಾದ ಮಾದರಿ ಬೇಕು. ಐಎಸ್ಒ ಏರಿಸಿ ಪ್ರಯೋಜನವಿಲ್ಲ, ಸೆನ್ಸರ್ ತಲುಪದ ಬೆಳಕನ್ನು ಐಎಸ್ಒ ತರಲಾರದು.

ಮೂರನೆಯದು ಇದರ ತಿರುವುಮುರುವು. ಡ್ಯುಯಲ್ ಬ್ಯಾಂಡ್ ಫಿಲ್ಟರ್ ಹಾಕಿಕೊಂಡು ಎಂ 78 ತೆಗೆಯುವುದು. ಎಂ 78, ಕೃತ್ತಿಕೆಯ ಸುತ್ತಲಿನ ನೀಲಿ ಮೋಡ, ಐಸಿ 2118 ಇವೆಲ್ಲ ಪ್ರತಿಫಲನ ನೀಹಾರಿಕೆಗಳು. ಪಕ್ಕದ ನಕ್ಷತ್ರದ ಬೆಳಕನ್ನೇ ಚದುರಿಸುವುದರಿಂದ ಅವುಗಳ ಬೆಳಕು ಇಡೀ ವರ್ಣಪಟಲದಲ್ಲಿ ಹರಡಿರುತ್ತದೆ. 656 ಮತ್ತು 501 ನ್ಯಾನೊಮೀಟರ್ ಸುತ್ತಲ ಸಣ್ಣ ಕಿಂಡಿಗಳನ್ನು ಬಿಟ್ಟು ಉಳಿದುದನ್ನೆಲ್ಲ ಮುಚ್ಚಿದರೆ ಆಕಾಶದ ಬೆಳಕಿನ ಜೊತೆ ಗುರಿಯೂ ಹೋಗುತ್ತದೆ. ಇವಕ್ಕೆ ಫಿಲ್ಟರ್ ತೆಗೆದು ಕತ್ತಲ ಜಾಗಕ್ಕೆ ಹೋಗುವುದೇ ಮದ್ದು. ಕುದುರೆತಲೆ ನೀಹಾರಿಕೆ ಬೇರೆ ಮಾತು. ಅದು ಕಪ್ಪು ಧೂಳೇ ಆದರೂ ಹಿಂದಿರುವ ಐಸಿ 434ರ ಕೆಂಪು ತೆರೆಯ ಮೇಲೆ ನೆರಳಾಗಿ ಕಾಣುವುದರಿಂದ ಅಲ್ಲಿ ಫಿಲ್ಟರ್ ಸಹಾಯವನ್ನೇ ಮಾಡುತ್ತದೆ.

ವೇಗದ ಲೆನ್ಸ್ ಮತ್ತು ಕಿರಿದಾದ ಫಿಲ್ಟರ್ ಜೋಡಿಯದು ಬಹಳ ಮಂದಿಗೆ ಹೊಳೆಯದ ದೋಷ. ಇಂಟರ್‌ಫೆರೆನ್ಸ್ ಫಿಲ್ಟರಿಗೆ ಬೆಳಕು ಓರೆಯಾಗಿ ಬಿದ್ದರೆ ಅದರ ಕಿಂಡಿ ನೀಲಿಯ ಕಡೆಗೆ ಸರಿಯುತ್ತದೆ. ಎಫ್/5ರಲ್ಲಿ ಅಂಚಿನ ಕಿರಣಗಳಿಗೆ ಈ ಸರಿತ 1 ನ್ಯಾನೊಮೀಟರ್ ಒಳಗೇ ಇರುತ್ತದೆ. ಎಫ್/2ರಲ್ಲಿ ಸುಮಾರು 5 ನ್ಯಾನೊಮೀಟರ್‌ಗೆ ಹೋಗುತ್ತದೆ. 3 ನ್ಯಾನೊಮೀಟರ್ ಫಿಲ್ಟರನ್ನು ಎಫ್/2ರಲ್ಲಿ ಹಾಕಿದರೆ ದ್ವಾರದ ಹೊರವಲಯದ ಬೆಳಕು ವ್ಯರ್ಥ. ಇಷ್ಟು ವೇಗದ ವ್ಯವಸ್ಥೆಗೆಂದೇ ಕಿಂಡಿಯನ್ನು ಮೊದಲೇ ಸರಿಸಿ ತಯಾರಿಸಿದ ಫಿಲ್ಟರ್‌ಗಳಿವೆ, ಅವನ್ನೇ ಬಳಸಿ.

ಇಷ್ಟೆಲ್ಲ ಸರಿಯಿದ್ದರೆ ಎಕ್ಸ್‌ಪೋಷರ್ ಸಾಲದೆ ಇರಬಹುದು. ಒಂದು ಫ್ರೇಮಿಗೆ ಎಷ್ಟು ಸಾಕು ಎಂಬುದಕ್ಕೆ ಗಟ್ಟಿ ಅಳತೆ ಇದೆ. ಹಿನ್ನೆಲೆ ಆಕಾಶದಿಂದ ಬಂದ ಎಲೆಕ್ಟ್ರಾನ್‌ಗಳು ರೀಡ್ ನಾಯ್ಸ್‌ನ (ಸೆನ್ಸರನ್ನು ಓದುವಾಗಲೇ ಸೇರುವ ಏರುಪೇರು) ವರ್ಗದ 10 ಪಟ್ಟು ದಾಟಿರಬೇಕು. ಆಗ ರೀಡ್ ನಾಯ್ಸ್‌ನಿಂದ ಒಟ್ಟು ನಾಯ್ಸ್ ಹೆಚ್ಚುವುದು ಶೇ. 5 ಮಾತ್ರ. ರೀಡ್ ನಾಯ್ಸ್ 1.5 ಎಲೆಕ್ಟ್ರಾನ್ ಎಂದಿಟ್ಟುಕೊಳ್ಳಿ, ಗುರಿ 22.5 ಎಲೆಕ್ಟ್ರಾನ್. ಫ್ರೇಮಿನ ಮೀಡಿಯನ್ 900, ಬಯಾಸ್ ಫ್ರೇಮಿನದು (ಮುಚ್ಚಳ ಹಾಕಿ ಅತಿ ಚಿಕ್ಕ ಎಕ್ಸ್‌ಪೋಷರ್‌ನಲ್ಲಿ ತೆಗೆದದ್ದು) 500, ವ್ಯತ್ಯಾಸ 400. ಕ್ಯಾಮೆರಾ 14 ಬಿಟ್‌ನದಾಗಿ ಕಡತ 16 ಬಿಟ್‌ಗೆ ಹಿಗ್ಗಿದ್ದರೆ 4ರಿಂದ ಭಾಗಿಸಿ, 100. ಒಂದು ಎಡಿಯುಗೆ (ಕ್ಯಾಮೆರಾ ಬರೆಯುವ ಸಂಖ್ಯೆಯ ಒಂದು ಏಕಮಾನ) 0.25 ಎಲೆಕ್ಟ್ರಾನ್ ಇರುವ ಗೇನ್‌ನಲ್ಲಿ ಅದು 25 ಎಲೆಕ್ಟ್ರಾನ್. ಸಾಕು. ಇದಕ್ಕಿಂತ ಫ್ರೇಮನ್ನು ಉದ್ದ ಮಾಡಿದರೆ ನಕ್ಷತ್ರಗಳ ನಡುಭಾಗ ಸುಡುತ್ತದೆ, ಬೇರೇನೂ ಹೆಚ್ಚಾಗಿ ಸಿಗುವುದಿಲ್ಲ. ಆಮೇಲೆ ಬೇಕಾದುದು ಒಟ್ಟು ಸಮಯ. ಅದರಲ್ಲಿ ಒಳದಾರಿ ಇಲ್ಲ, ಚಿತ್ರ ಎರಡು ಪಟ್ಟು ನಯವಾಗಬೇಕಾದರೆ ಸಮಯ ನಾಲ್ಕು ಪಟ್ಟು ಬೇಕು.

ಫ್ರೇಮಿನ ತುಂಬ ನಕ್ಷತ್ರಗಳು ಒಂದೇ ದಿಕ್ಕಿಗೆ ಉದ್ದವಾಗಿವೆ

ಆಕಾಶ ಸೆಕೆಂಡಿಗೆ ಸುಮಾರು 15 ಆರ್ಕ್‌ಸೆಕೆಂಡ್ ತಿರುಗುತ್ತದೆ. ಮೊದಲು ಗೆರೆಯ ಉದ್ದ ಅಳೆಯಿರಿ. ಪಿಕ್ಸೆಲ್‌ಗಳನ್ನು ಆರ್ಕ್‌ಸೆಕೆಂಡ್‌ಗೆ ತಿರುಗಿಸಿ ಎಕ್ಸ್‌ಪೋಷರ್ ಸಮಯದಿಂದ ಭಾಗಿಸಿ. ಖಗೋಳ ವಿಷುವದ್ವೃತ್ತದ ಬಳಿಯ ಗುರಿಯಲ್ಲಿ ಉತ್ತರ ಹೀಗೆ ಓದಬೇಕು. ಸೆಕೆಂಡಿಗೆ 15 ಬಂದರೆ ಮೌಂಟ್ ತಿರುಗುತ್ತಲೇ ಇಲ್ಲ, ಕ್ಲಚ್ ಸಡಿಲವಿದೆ ಅಥವಾ ಟ್ರ್ಯಾಕಿಂಗ್ ಆನ್ ಆಗಿಲ್ಲ. 30 ಬಂದರೆ ಉತ್ತರ-ದಕ್ಷಿಣ ಗೋಳಾರ್ಧದ ಸ್ವಿಚ್ ತಪ್ಪಿ ಮೌಂಟ್ ಹಿಮ್ಮುಖವಾಗಿ ಓಡುತ್ತಿದೆ. ನಿಮಿಷಕ್ಕೆ 33ರ ಆಸುಪಾಸು ಬಂದರೆ ವೇಗ ಚಂದ್ರನಿಗೆ ಹೊಂದಿಸಿದ್ದು, ನಿಮಿಷಕ್ಕೆ ಎರಡೂವರೆ ಬಂದರೆ ಸೂರ್ಯನಿಗೆ. ಧ್ರುವದ ಕಡೆಗೆ ಹೋದಂತೆ ಈ ಸಂಖ್ಯೆಗಳು ಡೆಕ್ಲಿನೇಶನ್‌ನ (ಖಗೋಳ ವಿಷುವದ್ವೃತ್ತದಿಂದ ಉತ್ತರಕ್ಕೋ ದಕ್ಷಿಣಕ್ಕೋ ಇರುವ ಕೋನ) ಕೊಸೈನ್ ಪ್ರಕಾರ ಕುಗ್ಗುತ್ತವೆ. ಇಂಥ ಸಣ್ಣ ಸ್ವಿಚ್ಚಿಗಾಗಿ ಇಡೀ ಮೌಂಟ್ ಬಿಚ್ಚಿದವರು ಕಡಿಮೆಯಿಲ್ಲ. ಅಳತೆಪಟ್ಟಿ ಮೊದಲು, ಸ್ಕ್ರೂಡ್ರೈವರ್ ಆಮೇಲೆ.

ಇವಾವುದೂ ಅಲ್ಲದೆ ನಾಲ್ಕೈದು ಪಿಕ್ಸೆಲ್‌ನ ಉದ್ದ ಮಾತ್ರ ಇದ್ದರೆ, ಯಾವ ಅಕ್ಷದ ತಪ್ಪು ಎಂದು ಬೇರ್ಪಡಿಸಬೇಕು. ಕ್ಯಾಮೆರಾ ತಿರುಗಿಸದೆ, ಟ್ರ್ಯಾಕಿಂಗ್ ನಿಲ್ಲಿಸಿ 5 ಸೆಕೆಂಡಿನ ಒಂದು ಫ್ರೇಮ್ ತೆಗೆಯಿರಿ. ಅದರಲ್ಲಿ ಮೂಡುವ ಗೆರೆಯೇ ಆರ್‌ಎ ದಿಕ್ಕು, ಅಂದರೆ ಆಕಾಶದ ಪೂರ್ವ-ಪಶ್ಚಿಮ. ಕೆಟ್ಟ ಫ್ರೇಮಿನ ಉದ್ದ ಅದೇ ದಿಕ್ಕಿಗಿದ್ದರೆ ದೋಷ ಆರ್‌ಎಯದು, ಅಡ್ಡಲಾಗಿದ್ದರೆ ಡೆಕ್ಲಿನೇಶನ್‌ನದು.

ಡೆಕ್ಲಿನೇಶನ್ ಕಡೆಗೆ ಒಂದೇ ಸಮ ಜಾರುತ್ತಿದ್ದರೆ ಧ್ರುವ ಜೋಡಣೆ (ಮೌಂಟಿನ ಅಕ್ಷವನ್ನು ಆಕಾಶದ ಧ್ರುವಕ್ಕೆ ನೇರ ಮಾಡುವುದು) ಸರಿಯಿಲ್ಲ. ಅಕ್ಷ 1 ಆರ್ಕ್‌ಮಿನಿಟ್ ತಪ್ಪಿದ್ದರೆ ಜಾರುವಿಕೆ ನಿಮಿಷಕ್ಕೆ ಹೆಚ್ಚೆಂದರೆ 0.26 ಆರ್ಕ್‌ಸೆಕೆಂಡ್. 10 ಆರ್ಕ್‌ಮಿನಿಟ್ ತಪ್ಪಿದ್ದರೆ ನಿಮಿಷಕ್ಕೆ 2.6. ನಮ್ಮ 400 ಮಿ.ಮೀ. ಜೋಡಿಯಲ್ಲಿ 3 ನಿಮಿಷದ ಫ್ರೇಮಿಗೆ ಅದು 4 ಪಿಕ್ಸೆಲ್. ಗುರಿ ಆಕಾಶದ ಯಾವ ಭಾಗದಲ್ಲಿದೆ ಎಂಬುದರ ಮೇಲೆ ಇದು ಸೊನ್ನೆಯವರೆಗೂ ಇಳಿಯಬಹುದು. ಒಂದು ಗುರಿಗೆ ಚೆನ್ನಾಗಿ ಬಂದು ಇನ್ನೊಂದಕ್ಕೆ ಕೆಟ್ಟಿತು ಎಂಬ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಗೈಡಿಂಗ್ (ಇನ್ನೊಂದು ಕ್ಯಾಮೆರಾ ಒಂದು ನಕ್ಷತ್ರವನ್ನು ಗಮನಿಸುತ್ತ ಮೌಂಟನ್ನು ತಿದ್ದುವುದು) ಇದ್ದರೆ ಜಾರುವಿಕೆ ನಿಲ್ಲುತ್ತದೆ, ಆದರೆ ಕ್ಷೇತ್ರ ತಿರುಗುವುದು ನಿಲ್ಲುವುದಿಲ್ಲ. ಗೈಡ್ ನಕ್ಷತ್ರದ ಹತ್ತಿರ ಎಲ್ಲವೂ ಚುಕ್ಕಿಗಳಾಗಿದ್ದು, ದೂರ ಹೋದಂತೆ ಅದನ್ನೇ ಸುತ್ತುವ ಸಣ್ಣ ಕಮಾನುಗಳು ಕಂಡರೆ ಗೈಡಿಂಗ್‌ಗೆ ಕೈ ಹಚ್ಚಬೇಡಿ, ಧ್ರುವ ಜೋಡಣೆಯನ್ನೇ ಮತ್ತೆ ಮಾಡಿ. ಟ್ರೈಪಾಡಿನ ಕಾಲು ಮೆತ್ತನೆಯ ಮಣ್ಣಿನಲ್ಲಿ ಇಳಿದರೂ ಜೋಡಣೆ ಕೆಡುತ್ತದೆ. ಕಾಲಿನ ಕೆಳಗೆ ಗಟ್ಟಿ ಹಲಗೆ ಇರಲಿ.

ಆರ್‌ಎ ದಿಕ್ಕಿನ ದೋಷಕ್ಕೆ ತಾಳವಿರುತ್ತದೆ. ಕೆಲವು ಫ್ರೇಮ್ ಚೆನ್ನ, ಕೆಲವು ಕೆಟ್ಟವು, ಮತ್ತೆ ಚೆನ್ನ. ವರ್ಮ್ ಗೇರ್‌ನ ಒಂದು ಸುತ್ತಿನಲ್ಲಿ ವೇಗ ಏರಿಳಿಯುವುದೇ ಕಾರಣ. ಆ ಸುತ್ತು ಎಷ್ಟು ಹೊತ್ತಿನದು ಎಂದು ತಿಳಿಯಲು ನಾಕ್ಷತ್ರಿಕ ದಿನದ 86164 ಸೆಕೆಂಡನ್ನು ಚಕ್ರದ ಹಲ್ಲುಗಳಿಂದ ಭಾಗಿಸಿ. 180 ಹಲ್ಲಿನ ಇಕ್ಯೂ6 ಮೌಂಟಿಗೆ 479 ಸೆಕೆಂಡ್, 135 ಹಲ್ಲಿನ ಎಚ್‌ಇಕ್ಯೂ5ಗೆ 638. ಕೆಟ್ಟ ಫ್ರೇಮ್‌ಗಳು ಸರಿಯಾಗಿ ಇಷ್ಟಿಷ್ಟು ಹೊತ್ತಿಗೆ ಮರುಕಳಿಸಿದರೆ ಇನ್ನೇನೂ ಹುಡುಕಬೇಕಿಲ್ಲ. ಗೈಡಿಂಗ್ ಇಲ್ಲದವರು ಎಕ್ಸ್‌ಪೋಷರ್ ಅರ್ಧಕ್ಕಿಳಿಸಿ, ಕೆಟ್ಟವನ್ನು ಎಸೆದು, ಉಳಿದುದರಲ್ಲಿ ಬಾಳಬೇಕು. ತೂಕವನ್ನು ಪೂರ್ವದ ಕಡೆಗೆ ತುಸು ಹೆಚ್ಚಿಡುವುದು ಹಳೆಯ ಉಪಾಯ. ಗೇರಿನ ಹಲ್ಲುಗಳು ಒಂದೇ ಮಗ್ಗುಲಿಗೆ ಒತ್ತಿಕೊಂಡಿರುವುದರಿಂದ ಸಡಿಲು ಆಟವಾಡುವುದಿಲ್ಲ.

ಗೈಡಿಂಗ್ ಇದ್ದೂ ಮೊಟ್ಟೆಯಾದರೆ ಗೈಡಿಂಗ್ ತಂತ್ರಾಂಶ ಪಿಎಚ್‌ಡಿ2 ತೋರಿಸುವ ಗ್ರಾಫ್‌ನ ಒಟ್ಟು ಆರ್‌ಎಮ್‌ಎಸ್ (ಸರಾಸರಿ ತಪ್ಪಿನ ಅಳತೆ) ನೋಡಿ ಸಮಾಧಾನಪಡಬೇಡಿ. ಆರ್‌ಎ 1.2, ಡೆಕ್ 0.5 ಇದ್ದರೆ ಒಟ್ಟು ಸಂಖ್ಯೆ ಪರವಾಗಿಲ್ಲ ಎನಿಸಿದರೂ ನಕ್ಷತ್ರ ಮೊಟ್ಟೆಯೇ. ಎರಡೂ ಹತ್ತಿರ ಹತ್ತಿರ ಇರಬೇಕು. ಪ್ರತಿ ತಿದ್ದುಪಡಿಯ ನಂತರ ಗೆರೆ ಎದುರು ಬದಿಗೆ ಹಾರುತ್ತಿದ್ದರೆ ತಿದ್ದುಪಡಿ ಅತಿಯಾಗಿದೆ, ಅಗ್ರೆಸಿವ್‌ನೆಸ್ ಇಳಿಸಿ. ಗರಗಸದಂತೆ ಸದಾ ನಡುಗುತ್ತಿದ್ದರೆ ಗೈಡ್ ಕ್ಯಾಮೆರಾ ವಾತಾವರಣದ ಕಂಪನದ ಬೆನ್ನು ಹತ್ತಿದೆ. ಗೈಡ್ ಎಕ್ಸ್‌ಪೋಷರನ್ನು 2–3 ಸೆಕೆಂಡಿಗೆ ಏರಿಸಿ. ಡೆಕ್ ಗೆರೆ ಒಂದು ಬದಿಗೆ ನಿಧಾನ ಜಾರಿ, ತಿದ್ದುಪಡಿ ಕೊಟ್ಟರೂ ಸ್ವಲ್ಪ ಹೊತ್ತು ಅಲುಗದೆ, ಆಮೇಲೆ ಥಟ್ಟನೆ ಹಾರಿದರೆ ಗೇರಿನಲ್ಲಿ ಬ್ಯಾಕ್‌ಲ್ಯಾಶ್, ಅಂದರೆ ಹಲ್ಲುಗಳ ನಡುವೆ ಸಡಿಲು, ಇದೆ. ಜಾರುವ ದಿಕ್ಕಿಗೆ ವಿರುದ್ಧವಾದ ತಿದ್ದುಪಡಿಯನ್ನು ಮಾತ್ರ ಅನುಮತಿಸಿದರೆ ಆ ರಾತ್ರಿ ಕಳೆಯುತ್ತದೆ. ಮೆರಿಡಿಯನ್ (ನೆತ್ತಿಯ ಮೇಲೆ ಉತ್ತರ-ದಕ್ಷಿಣ ಹಾಯುವ ರೇಖೆ) ದಾಟಿ ಟೆಲಿಸ್ಕೋಪ್ ಮಗ್ಗುಲು ಬದಲಿಸಿದ ಕೂಡಲೇ ಡೆಕ್ ಓಡಿಹೋದರೆ ತಿರುವಿನ ನಂತರ ಡೆಕ್ ದಿಕ್ಕು ಬದಲಿಸುವ ಆಯ್ಕೆ ತಪ್ಪಾಗಿದೆ. ಗೈಡಿಂಗ್‌ನ ಕ್ಯಾಲಿಬ್ರೇಶನ್ ಯಾವಾಗಲೂ ಖಗೋಳ ವಿಷುವದ್ವೃತ್ತ ಮತ್ತು ಮೆರಿಡಿಯನ್ ಕೂಡುವೆಡೆಯ ಹತ್ತಿರ ಮಾಡಿ. ಧ್ರುವದ ಬಳಿ ಮಾಡಿದ್ದು ನೆಚ್ಚಿಕೊಳ್ಳುವಂಥದ್ದಲ್ಲ.

ಗ್ರಾಫ್ ಮುತ್ತಿನಂತಿದೆ, ನಕ್ಷತ್ರ ಮಾತ್ರ ಉದ್ದ. ಇದು ಅತಿ ಹೆಚ್ಚು ಸತಾಯಿಸುವ ದೋಷ. ಗೈಡ್‌ಸ್ಕೋಪ್ ಮತ್ತು ಮುಖ್ಯ ಟೆಲಿಸ್ಕೋಪ್ ಒಂದನ್ನೊಂದು ಬಿಟ್ಟು ಬಾಗುತ್ತಿವೆ ಎಂದರ್ಥ. ಖಚಿತಪಡಿಸಿಕೊಳ್ಳಲು ಡಿದರಿಂಗ್ (ಫ್ರೇಮುಗಳ ನಡುವೆ ಬೇಕೆಂದೇ ತುಸು ಸರಿಸುವುದು) ನಿಲ್ಲಿಸಿ, ಗೈಡಿಂಗ್ ಇಟ್ಟು, ಒಂದು ಗಂಟೆ ತೆಗೆಯಿರಿ. ಮೊದಲ ಫ್ರೇಮಿನ ಒಂದು ನಕ್ಷತ್ರದ ಸ್ಥಾನವನ್ನೂ ಕೊನೆಯ ಫ್ರೇಮಿನಲ್ಲಿ ಅದರ ಸ್ಥಾನವನ್ನೂ ಗುರುತಿಸಿ. 60 ಪಿಕ್ಸೆಲ್ ಸರಿದಿದ್ದರೆ 3 ನಿಮಿಷದ ಪ್ರತಿ ಫ್ರೇಮಿನಲ್ಲೂ 3 ಪಿಕ್ಸೆಲ್‌ನ ಉದ್ದ ಇದ್ದೇ ಇರುತ್ತದೆ. ಗೈಡ್‌ಸ್ಕೋಪನ್ನು ಹಿಡಿದಿರುವ ಪ್ಲಾಸ್ಟಿಕ್ ತುದಿಯ ಸ್ಕ್ರೂಗಳು, ಬಿಗಿಯದ ಫೋಕಸರ್ ಕೊಳವೆ, ಇಳಿಬಿದ್ದು ಎಳೆಯುವ ಕೇಬಲ್, ಇವು ಮಾಮೂಲಿ ಅಪರಾಧಿಗಳು. ಪ್ರಾಥಮಿಕ ದರ್ಪಣವೇ ಜಾರುವ ಷ್ಮಿಟ್-ಕ್ಯಾಸಗ್ರೇನ್‌ಗಳಲ್ಲಿ ಗೈಡ್‌ಸ್ಕೋಪ್ ಎಷ್ಟು ಬಿಗಿದರೂ ಫಲವಿಲ್ಲ, ಮುಖ್ಯ ಟೆಲಿಸ್ಕೋಪಿನ ಬೆಳಕನ್ನೇ ಬಳಸುವ ಆಫ್ ಆಕ್ಸಿಸ್ ಗೈಡರ್ ಹಾಕಲೇಬೇಕು.

ಮೂಲೆಗಳು ಮಾತ್ರ ಕೆಟ್ಟಿವೆ

ನಾಲ್ಕೂ ಮೂಲೆಗಳು ಸಮನಾಗಿ ಕೆಟ್ಟಿದ್ದರೆ ಫ್ಲ್ಯಾಟ್‌ನರ್‌ನಿಂದ (ಮೂಲೆಗಳನ್ನೂ ಫೋಕಸ್‌ಗೆ ತರುವ ಲೆನ್ಸ್) ಸೆನ್ಸರ್‌ವರೆಗಿನ ದೂರ ತಪ್ಪಿದೆ. ಬಹುಪಾಲು ಫ್ಲ್ಯಾಟ್‌ನರ್‌ಗಳು ಕೇಳುವುದು 55 ಮಿ.ಮೀ. ನಕ್ಷತ್ರಗಳು ಕೇಂದ್ರದಿಂದ ಹೊರಕ್ಕೆ ಚಿಮ್ಮಿದಂತಿದ್ದರೆ ಸಾಮಾನ್ಯವಾಗಿ ಸೆನ್ಸರ್ ಹತ್ತಿರವಾಯಿತು, ಕೇಂದ್ರವನ್ನು ಸುತ್ತಿದಂತಿದ್ದರೆ ದೂರವಾಯಿತು. ಎಲ್ಲ ವಿನ್ಯಾಸಗಳೂ ಈ ನಿಯಮಕ್ಕೆ ಬದ್ಧವಲ್ಲ, ಆದ್ದರಿಂದ 0.5 ಮಿ.ಮೀ. ಸ್ಪೇಸರ್ ಹಾಕಿ ನೋಡಿ, ಸುಧಾರಿಸಿದರೆ ಅದೇ ದಿಕ್ಕಿಗೆ ಮುಂದುವರಿಯಿರಿ. ನಡುವೆ ಫಿಲ್ಟರ್ ಇದ್ದರೆ ಅದರ ದಪ್ಪದ ಮೂರನೇ ಒಂದು ಪಾಲನ್ನು ದೂರಕ್ಕೆ ಸೇರಿಸಬೇಕು. 2 ಮಿ.ಮೀ. ಫಿಲ್ಟರಿಗೆ 55.7 ಮಿ.ಮೀ. ಫಿಲ್ಟರ್ ಹಾಕಿದ ಮೇಲೆ ಮೂಲೆ ಕೆಟ್ಟಿತೆಂದು ಫಿಲ್ಟರನ್ನು ಬೈಯುವುದು ಈ ಲೆಕ್ಕ ಮರೆತಾಗಲೇ.

ಒಂದೇ ಮೂಲೆ ಅಥವಾ ಒಂದೇ ಬದಿ ಕೆಟ್ಟಿದ್ದರೆ ಅದು ವಾಲುವಿಕೆ. ಕ್ಯಾಮೆರಾವನ್ನು ಮಾತ್ರ 180 ಡಿಗ್ರಿ ತಿರುಗಿಸಿ ಮತ್ತೆ ಫೋಕಸ್ ಮಾಡಿ ತೆಗೆಯಿರಿ. ಚಿತ್ರದ ಅದೇ ಮೂಲೆ ಮತ್ತೆ ಕೆಟ್ಟಿದ್ದರೆ ಸೆನ್ಸರ್ ವಾಲಿದೆ. ಎದುರು ಮೂಲೆಗೆ ಹೋಗಿದ್ದರೆ ಫೋಕಸರ್ ಅಥವಾ ಅದರ ಮುಂದಿನ ಭಾಗ. ನ್ಯೂಟೋನಿಯನ್ ಆಗಿದ್ದರೆ ವಾಲುವಿಕೆಗೆ ಕೈ ಹಾಕುವ ಮೊದಲು ಕಾಲಿಮೇಶನ್ (ದರ್ಪಣಗಳ ಹೊಂದಾಣಿಕೆ) ಸರಿಪಡಿಸಿ, ಎರಡರ ಲಕ್ಷಣವೂ ಒಂದನ್ನೊಂದು ಹೋಲುತ್ತದೆ. ನಡುಭಾಗದಲ್ಲೂ ನಕ್ಷತ್ರ ತ್ರಿಕೋನವಾಗಿದ್ದು ಚಳಿ ಹೆಚ್ಚಿದಂತೆ ಹೆಚ್ಚಾದರೆ ಲೆನ್ಸನ್ನೋ ದರ್ಪಣವನ್ನೋ ಅದರ ಹಿಡಿಕೆ ಹಿಂಡುತ್ತಿದೆ.

ದುಂಡಗಿದೆ, ಆದರೆ ದಪ್ಪ

ಫೋಕಸ್ ತಪ್ಪಬಹುದಾದ ಅಂತರ ಎಷ್ಟು ಕಡಿಮೆ ಎಂದು ಗೊತ್ತಿದ್ದರೆ ಜಾರಿದ್ದಕ್ಕೆ ಆಶ್ಚರ್ಯವಾಗುವುದಿಲ್ಲ. 4.88ನ್ನು ಬೆಳಕಿನ ತರಂಗಾಂತರದಿಂದಲೂ ಎಫ್ ಸಂಖ್ಯೆಯ ವರ್ಗದಿಂದಲೂ ಗುಣಿಸಿ. ಹಸಿರು ಬೆಳಕಿಗೆ ಎಫ್/5ರಲ್ಲಿ 67 ಮೈಕ್ರಾನ್, ಎಫ್/4ರಲ್ಲಿ 43, ಎಫ್/2ರಲ್ಲಿ ಬರೀ 11. ಇತ್ತ ಒಂದು ಮೀಟರಿನ ಅಲ್ಯೂಮಿನಿಯಂ ಕೊಳವೆ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ 23 ಮೈಕ್ರಾನ್ ಕುಗ್ಗುತ್ತದೆ. ಸಂಜೆಯಿಂದ 5 ಡಿಗ್ರಿ ಇಳಿದರೆ 115 ಮೈಕ್ರಾನ್. ಸಂಜೆ ಬಾಹ್ಟಿನೋವ್ ಮಾಸ್ಕ್ (ಫೋಕಸ್ ತೋರಿಸುವ ಸೀಳುಗಳ ಮುಚ್ಚಳ) ಹಾಕಿ ಚೆನ್ನಾಗಿ ಫೋಕಸ್ ಮಾಡಿದ್ದೆವಲ್ಲ ಎಂಬ ಮಾತು ನಡುರಾತ್ರಿಗೆ ಲೆಕ್ಕಕ್ಕಿಲ್ಲ. ಪ್ರತಿ 2 ಡಿಗ್ರಿ ಇಳಿತಕ್ಕೂ ಫಿಲ್ಟರ್ ಬದಲಿಸಿದಾಗಲೂ ಮತ್ತೆ ಮಾಡಿ, ಆಮೇಲೆ ಫೋಕಸರಿನ ಬಿಗಿ ಸ್ಕ್ರೂ ತಿರುಗಿಸಿ ಇನ್ನೊಮ್ಮೆ ನೋಡಿ. ಬಿಗಿಯುವಾಗಲೇ ಸರಿಯುವ ಫೋಕಸರ್‌ಗಳಿವೆ.

ಫೋಕಸ್ ಜಾರಿತೋ ಇಬ್ಬನಿ ಕೂತಿತೋ ಎಂದು ಬೇರ್ಪಡಿಸಲು ಒಂದು ಮಧ್ಯಮ ನಕ್ಷತ್ರದ ಅಗಲವನ್ನೂ ಒಟ್ಟು ಬೆಳಕನ್ನೂ ರಾತ್ರಿಯುದ್ದಕ್ಕೂ ಅಳೆಯಿರಿ. ಅಗಲ ಹೆಚ್ಚಿ ಒಟ್ಟು ಬೆಳಕು ಹಾಗೇ ಇದ್ದರೆ ಫೋಕಸ್. ಒಟ್ಟು ಬೆಳಕೂ ಇಳಿಯುತ್ತಾ ಹೋದರೆ ಇಬ್ಬನಿ, ಅದು ಒರೆಸುವವರೆಗೆ ಹೆಚ್ಚುತ್ತಲೇ ಇರುತ್ತದೆ. ಇಳಿದು ಮತ್ತೆ ಏರಿದರೆ ತೆಳುಮೋಡ. ಒರೆಸುವುದು ಎಂದೆವೇ ಹೊರತು ಬಟ್ಟೆ ಹಾಕಿ ಉಜ್ಜಿ ಎಂದಲ್ಲ. ಹೀಟರ್ ಪಟ್ಟಿಯನ್ನು ಮುಂದಿನ ಗಾಜಿಗೆ ಆದಷ್ಟು ಹತ್ತಿರ ಸುತ್ತಿ, ತಾನಾಗಿ ಆರಲು ಬಿಡಿ. ಇಬ್ಬನಿ ಬಿದ್ದ ಮೇಲೆ ಓಡಿಸುವುದಕ್ಕಿಂತ ಮೊದಲ ಫ್ರೇಮಿಗೂ ಮುಂಚೆ ಸಣ್ಣ ಉರಿಯಲ್ಲಿ ಹೀಟರ್ ಹಾಕಿಡುವುದು ವಾಸಿ. ಗೈಡ್‌ಸ್ಕೋಪಿಗೂ ಒಂದು ಪಟ್ಟಿ ಬೇಕು, ಮರೆತರೆ ನಡುರಾತ್ರಿ ಗೈಡ್ ನಕ್ಷತ್ರ ಕಳೆದುಹೋದಾಗ ನೆನಪಾಗುತ್ತದೆ.

ಗುರಿ ದಿಗಂತದಿಂದ 30 ಡಿಗ್ರಿಗಿಂತ ಕೆಳಗಿದ್ದರೆ ನೆತ್ತಿಯ ಮೇಲಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಗಾಳಿಯ ಮೂಲಕ ನೋಡುತ್ತಿದ್ದೀರಿ. ಆಗ ದಪ್ಪ ನಕ್ಷತ್ರಕ್ಕೆ ಸಲಕರಣೆಯ ಮದ್ದಿಲ್ಲ.

ನೀಲಿ ನೇರಳೆ ಮುಸುಕು ಕಂಡರೆ ಆಕ್ರೊಮ್ಯಾಟ್ ಲೆನ್ಸ್ ಕಾರಣ, ಅಥವಾ ಬಣ್ಣದ ಖಗೋಳ ಕ್ಯಾಮೆರಾದ ಮುಂದೆ ಯುವಿ-ಐಆರ್ ಕಟ್ ಫಿಲ್ಟರ್ ಇಲ್ಲ.

ಉಂಗುರಗಳು: ಧೂಳೋ ಪ್ರತಿಫಲನವೋ

ಕಪ್ಪು ಉಂಗುರ ಧೂಳಿನ ನೆರಳು. ಧೂಳು ಎಲ್ಲಿ ಕೂತಿದೆ ಎಂದು ಬಿಚ್ಚದೆಯೇ ಹೇಳಬಹುದು. ಉಂಗುರದ ಹೊರವ್ಯಾಸವನ್ನು ಎಫ್ ಸಂಖ್ಯೆಯಿಂದ ಗುಣಿಸಿದರೆ ಸೆನ್ಸರಿನಿಂದ ಧೂಳಿನ ಅಂದಾಜು ದೂರ ಬರುತ್ತದೆ. 3.76 ಮೈಕ್ರಾನ್‌ನ 200 ಪಿಕ್ಸೆಲ್ ಅಂದರೆ 0.75 ಮಿ.ಮೀ., ಎಫ್/5ರಲ್ಲಿ ದೂರ 3.8 ಮಿ.ಮೀ. ಅದು ಸೆನ್ಸರಿಗೆ ಅಂಟಿದಂತಿರುವ ಗಾಜು. ಉಂಗುರ ಸಾವಿರ ಪಿಕ್ಸೆಲ್ ಇದ್ದರೆ 19 ಮಿ.ಮೀ., ಫಿಲ್ಟರ್ ಇರುವ ಜಾಗ. ಮುಂದಿನ ದೊಡ್ಡ ಲೆನ್ಸಿನ ಧೂಳು ಉಂಗುರವಾಗಿ ಕಾಣುವುದೇ ಇಲ್ಲ, ಅದನ್ನು ತಿಕ್ಕಿ ಗೀರು ಮಾಡಿಕೊಳ್ಳಬೇಡಿ.

ಪ್ರಖರ ನಕ್ಷತ್ರದ ಸುತ್ತ ಬೆಳಗುವ ತಟ್ಟೆ ಬೇರೆ ಜಾತಿಯದು, ಎರಡು ಗಾಜಿನ ಮೈಗಳ ನಡುವೆ ಬೆಳಕು ಹಿಂದೆ ಮುಂದೆ ಪುಟಿದದ್ದು. ಕುದುರೆತಲೆಯ ಪಕ್ಕದ ಆಲ್ನಿಟಾಕ್ ಇದಕ್ಕೆ ಕುಖ್ಯಾತ. ಇಲ್ಲಿ ತಟ್ಟೆಯ ವ್ಯಾಸವನ್ನು ಎಫ್ ಸಂಖ್ಯೆಯಿಂದ ಗುಣಿಸಿ ಅರ್ಧ ಮಾಡಿ. 400 ಪಿಕ್ಸೆಲ್ ತಟ್ಟೆ, ಎಫ್/5: ಸುಮಾರು 3.8 ಮಿ.ಮೀ. ಅಷ್ಟು ಅಂತರದ ಎರಡು ಮೈಗಳು ಯಾವುವು ಎಂದು ಹುಡುಕಿ. ಫಿಲ್ಟರಿನ ಹೊಳಪಿನ ಬದಿಯನ್ನು ಆಕಾಶದ ಕಡೆಗೆ ತಿರುಗಿಸಿದರೆ ಎಷ್ಟೋ ಸಲ ತಟ್ಟೆ ಮಸುಕಾಗುತ್ತದೆ. ಫಿಲ್ಟರಿನ ಸ್ಥಾನ ಬದಲಿಸಿದರೆ ತಟ್ಟೆಯ ಗಾತ್ರ ಬದಲಾಗುತ್ತದೆ. ಬದಲಾಗದಿದ್ದರೆ ಹೆಚ್ಚಾಗಿ ಫಿಲ್ಟರ್ ನಿರಪರಾಧಿ.

ತಂಪು ಮಾಡಿದ ಕ್ಯಾಮೆರಾದಲ್ಲಿ ನಡುಭಾಗದಿಂದ ಹಬ್ಬುವ ಕಲೆ ಕಂಡರೆ ಒಳಗೆ ಹಿಮ ಕಟ್ಟುತ್ತಿದೆ. ಕೂಲಿಂಗ್ ನಿಲ್ಲಿಸಿ, ತೇವಹೀರುವ ಬಿಲ್ಲೆಗಳನ್ನು ಬದಲಿಸಿ.

ಫ್ಲ್ಯಾಟ್ ಹಾಕಿದ ಮೇಲೆ ಇನ್ನೂ ಕೆಟ್ಟಿತು

ಆಕಾಶದ ಫ್ರೇಮ್ ಲೈಟ್, ಸಮನಾದ ಬೆಳಕಿನ ಎದುರು ತೆಗೆದದ್ದು ಫ್ಲ್ಯಾಟ್, ಮುಚ್ಚಳ ಹಾಕಿ ತೆಗೆದದ್ದು ಡಾರ್ಕ್. ಮೂಲೆಗಳು ಕಪ್ಪಾಗುವ ಬದಲು ಬೆಳಗಿದರೆ, ಧೂಳಿನ ಕಪ್ಪು ಉಂಗುರ ಬಿಳಿಯಾದರೆ ಅದು ಅತಿತಿದ್ದುಪಡಿ. ಬಹುತೇಕ ಕಾರಣ ಲೈಟ್ ಫ್ರೇಮಿನಿಂದ ಡಾರ್ಕ್ ಅಥವಾ ಬಯಾಸ್ ಕಳೆಯದಿರುವುದು. ಕ್ಯಾಮೆರಾ ಸೇರಿಸುವ ಆಫ್‌ಸೆಟ್ ಬೆಳಕಲ್ಲ, ಅದನ್ನು ಕಳೆಯದೆ ಭಾಗಾಕಾರ ಮಾಡಿದರೆ ಅನುಪಾತವೇ ತಪ್ಪುತ್ತದೆ. ಲೈಟ್‌ನಿಂದ ಡಾರ್ಕ್, ಫ್ಲ್ಯಾಟ್‌ನಿಂದ ಫ್ಲ್ಯಾಟ್‌ಡಾರ್ಕ್, ಇಷ್ಟು ಕಳೆದ ನಂತರವೇ ಭಾಗಾಕಾರ. ಸಿಮಾಸ್ ಸೆನ್ಸರ್‌ಗಳಲ್ಲಿ ಬಯಾಸ್‌ಗಿಂತ ಫ್ಲ್ಯಾಟ್‌ನಷ್ಟೇ ಎಕ್ಸ್‌ಪೋಷರಿನ ಫ್ಲ್ಯಾಟ್‌ಡಾರ್ಕ್ ಹೆಚ್ಚು ನಂಬಿಕೆಗೆ ಅರ್ಹ, ತೀರಾ ಚಿಕ್ಕ ಎಕ್ಸ್‌ಪೋಷರ್‌ನಲ್ಲಿ ಕೆಲವು ಸೆನ್ಸರ್‌ಗಳ ತಳಮಟ್ಟವೇ ಏರುಪೇರಾಗುತ್ತದೆ. ಉಂಗುರದ ಪಕ್ಕ ಉಬ್ಬುಶಿಲ್ಪದಂಥ ಕಪ್ಪು-ಬಿಳಿ ಜೋಡಿ ಕಂಡರೆ ಫ್ಲ್ಯಾಟ್ ತೆಗೆಯುವ ಮುನ್ನ ಕ್ಯಾಮೆರಾ ಅಥವಾ ಫಿಲ್ಟರ್ ಚಕ್ರ ತುಸು ಅಲುಗಿದೆ. ಹಿಸ್ಟೋಗ್ರಾಮಿನ ಗುಡ್ಡ ಮೂರನೇ ಒಂದರಿಂದ ಅರ್ಧದ ನಡುವೆ ಇರಲಿ. ಎಲ್‌ಇಡಿ ಫಲಕದಲ್ಲಿ ಅಡ್ಡಪಟ್ಟೆ ಬಂದರೆ ಫಲಕದ ಮೇಲೆ ಬಿಳಿ ಹಾಳೆ ಹೊದಿಸಿ, ಎಕ್ಸ್‌ಪೋಷರ್ 1–2 ಸೆಕೆಂಡ್ ಮಾಡಿ. ಪಟ್ಟೆ ಬರುವುದು ಫಲಕ ಮಿನುಗುವುದರಿಂದ.

ಓರೆ ಗೀರುಗಳು, ಮೂಲೆಯ ಹೊಳಪು

ಒಂದೊಂದು ಫ್ರೇಮಿನಲ್ಲಿ ಇಲ್ಲದೆ ಸ್ಟ್ಯಾಕ್‌ನಲ್ಲಿ ಮಳೆ ಹೊಡೆದಂತೆ ಓರೆ ಗೀರುಗಳು ಬಂದರೆ ಅದು ವಾಕಿಂಗ್ ನಾಯ್ಸ್. ಸೆನ್ಸರಿನ ಸ್ಥಿರ ಕಲೆಗಳು, ಗುರಿ ನಿಧಾನ ಜಾರಿದ್ದರಿಂದ, ಜೋಡಿಸುವಾಗ ಸಾಲಾಗಿ ಕೂತಿವೆ. ಡಾರ್ಕ್ ಎಷ್ಟು ಹಾಕಿದರೂ ಪೂರ್ತಿ ಹೋಗದು. ಫ್ರೇಮುಗಳ ನಡುವೆ ಯಾದೃಚ್ಛಿಕವಾಗಿ ಹತ್ತಾರು ಪಿಕ್ಸೆಲ್ ಸರಿಸುವ ಡಿದರಿಂಗ್ ಒಂದೇ ಔಷಧ, ಮತ್ತು ಅದು ಮುಂದಿನ ರಾತ್ರಿಗೆ ಮಾತ್ರ.

ಅಂಚಿನಿಂದ ಕಿರಣ ಚೆಲ್ಲಿದಂಥ ಹೊಳಪು ಆಂಪ್ ಗ್ಲೋ. ಐಎಂಎಕ್ಸ್294, ಐಎಂಎಕ್ಸ್183 ಸೆನ್ಸರ್‌ಗಳಲ್ಲಿ ಸಹಜ, ಐಎಂಎಕ್ಸ್571, ಐಎಂಎಕ್ಸ್533ರಲ್ಲಿ ಇರುವುದಿಲ್ಲ. ಡಾರ್ಕ್‌ನ ಎಕ್ಸ್‌ಪೋಷರ್, ಗೇನ್, ಆಫ್‌ಸೆಟ್, ತಾಪಮಾನ ನಾಲ್ಕೂ ಲೈಟ್‌ಗೆ ಸಮವಿದ್ದರೆ ಅಳಿಸಿ ಹೋಗುತ್ತದೆ. ಹೋಗದಿದ್ದರೆ ತಂತ್ರಾಂಶದ ಡಾರ್ಕ್ ಆಪ್ಟಿಮೈಸೇಶನ್ ಆಯ್ಕೆ ಆನ್ ಆಗಿದೆ, ತೆಗೆದುಹಾಕಿ. ಕೂಲಿಂಗ್ ಇಲ್ಲದ ಕ್ಯಾಮೆರಾದಲ್ಲಿ ತಾಪಮಾನ 6 ಡಿಗ್ರಿ ಏರಿದರೆ ಡಾರ್ಕ್ ಕರೆಂಟ್ ಹೆಚ್ಚುಕಡಿಮೆ ಎರಡು ಪಟ್ಟಾಗುವುದರಿಂದ ಹಗಲು ಮನೆಯೊಳಗೆ ತೆಗೆದ ಡಾರ್ಕ್ ಹೊಂದುವುದಿಲ್ಲ.

ಬಣ್ಣದ ದೂರುಗಳು

ಕಚ್ಚಾ ಚಿತ್ರ ಹಸಿರಾಗಿರುವುದು ದೋಷವಲ್ಲ. ಸೆನ್ಸರಿನ ಮೇಲಿರುವ ಬಣ್ಣದ ಫಿಲ್ಟರ್‌ಗಳ ಬೇಯರ್ ಜಾಲರಿಯಲ್ಲಿ ನಾಲ್ಕರಲ್ಲಿ ಎರಡು ಪಿಕ್ಸೆಲ್ ಹಸಿರು. ಮೊದಲು ಹಿನ್ನೆಲೆಯ ಇಳಿಜಾರು ತೆಗೆದು, ಆಮೇಲೆ ಬಣ್ಣ ಕ್ಯಾಲಿಬ್ರೇಟ್ ಮಾಡಿ, ಕೊನೆಗೆ ಸ್ಟ್ರೆಚ್ ಮಾಡಿ. ಈ ಕ್ರಮ ತಪ್ಪಿದರೆ ಒಂದು ಬದಿ ಹಸಿರು, ಇನ್ನೊಂದು ಬದಿ ಕೆನ್ನೇರಳೆ ಖಂಡಿತ. ನೀಲಿಯಾಗಬೇಕಾದ ನಕ್ಷತ್ರ ಕಿತ್ತಳೆಯಾದರೆ ಬೇಯರ್ ಕ್ರಮ ತಪ್ಪಾಗಿ ಓದಿದೆ. ಎಂ 42ರ ನಡುಭಾಗ ಬಿಳಿ ಗೋಡೆಯಾದರೆ ಬಣ್ಣದ ತಪ್ಪಲ್ಲ, ಅಲ್ಲಿ ಸೆನ್ಸರ್ ತುಂಬಿ ಚೆಲ್ಲಿದೆ. ಅಲ್ಲಿನ ಟ್ರಪೀಜಿಯಂ ನಕ್ಷತ್ರಗಳಿಗಾಗಿ 5–10 ಸೆಕೆಂಡಿನ ಫ್ರೇಮ್‌ಗಳನ್ನು ಬೇರೆ ತೆಗೆದು ಸೇರಿಸಬೇಕು.

ನಡುವೆ ಕೈಕೊಡುವ ಸಂಪರ್ಕ

ಮೌಂಟ್ ಮುಗ್ಗರಿಸುವುದು, ಕ್ಯಾಮೆರಾ ಮಾಯವಾಗುವುದು ಎರಡಕ್ಕೂ ಮೊದಲು ವೋಲ್ಟೇಜ್ ಅಳೆಯಿರಿ. ಅಳತೆ ಬ್ಯಾಟರಿಯ ಬಳಿ ಬೇಡ, ಸಲಕರಣೆಯ ತುದಿಯಲ್ಲಿ, ಹೀಟರ್ ಮತ್ತು ಕೂಲಿಂಗ್ ಎರಡೂ ಓಡುತ್ತಿರುವಾಗ. 0.75 ಚದರ ಮಿ.ಮೀ. ತಂತಿಯ 3 ಮೀಟರ್ ಕೇಬಲಿನಲ್ಲಿ 5 ಆಂಪಿಯರ್ ಹರಿದರೆ ಹೋಗಿ ಬರುವ ದಾರಿಯಲ್ಲಿ ಸುಮಾರು 0.7 ವೋಲ್ಟ್ ಸೋರುತ್ತದೆ. ಬ್ಯಾಟರಿ 12ಕ್ಕೆ ಇಳಿದಿದ್ದರೆ ಮೌಂಟಿಗೆ ಸಿಗುವುದು 11.3. ತಂತಿ ದಪ್ಪ ಮಾಡಿ, ಹೀಟರಿಗೆ ಬೇರೆ ಎಳೆ ಕೊಡಿ. ಯುಎಸ್‌ಬಿ 3 ಕೇಬಲ್ 3 ಮೀಟರ್ ಮೀರದಿರಲಿ. ಟೆಲಿಸ್ಕೋಪ್ ಆಕಾಶದ ಒಂದೇ ದಿಕ್ಕಿಗೆ ತಿರುಗಿದಾಗ ಮಾತ್ರ ಸಂಪರ್ಕ ಕಡಿದರೆ ವೋಲ್ಟೇಜ್ ಬಿಟ್ಟು ಕೇಬಲ್ ಹಿಡಿಯಿರಿ. ಕ್ಯಾಮೆರಾದ ಸಾಕೆಟ್‌ನಿಂದ ಒಂದು ಗೇಣು ಸಡಿಲ ಬಿಟ್ಟು ಟೆಲಿಸ್ಕೋಪಿನ ಡವ್‌ಟೇಲ್ ಪಟ್ಟಿಗೆ ಕಟ್ಟಿ, ಎರಡೂ ಮಗ್ಗುಲಿಗೆ ದೀಪದ ಬೆಳಕಲ್ಲಿ ಕೈಯಿಂದ ತಿರುಗಿಸಿ ಎಲ್ಲೂ ಬಿಗಿಯುತ್ತಿಲ್ಲ ಎಂದು ನೋಡಿದ ಮೇಲೆ ರಾತ್ರಿಯ ಕೆಲಸಕ್ಕೆ ಬಿಡಿ.